ಕಾರ್ಡ್ ಸತ್ತರೆ ಎಂಜಿನ್ ನಿಲ್ಲಬೇಕೋ, ಓಡಬೇಕೋ?

ಕಳೆದ ಸೆಮಿಸ್ಟರ್ ಪೂರ್ತಿ ನಮ್ಮ ನಾಲ್ವರ ಬೆಂಚಿನ ಮೇಲೆ ಒಂದು ಹಸಿರು ಕಾರ್ಡ್ ಬಿದ್ದಿತ್ತು. ಅಗಲ 100 ಮಿ.ಮೀ., ಉದ್ದ 160 ಮಿ.ಮೀ. ಹಿಂದೆ ಸಾಲು ಪಿನ್‌ಗಳ ಕನೆಕ್ಟರ್, ಮುಂದೆ ನಾಲ್ಕು ಎಲ್‌ಇಡಿ, ನಡುವೆ ಒಂದು ಜೆಡ್80 ಪ್ರೊಸೆಸರ್, ಪಕ್ಕದಲ್ಲಿ ಗಾಜಿನ ಕಿಟಕಿ ಇರುವ ಇಪ್ರಾಮ್. ಕಿಟಕಿಗೆ ಬೆಳಕು ಬೀಳದ ಹಾಗೆ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಯಾರೋ ಬಾಲ್‌ಪೆನ್ನಲ್ಲಿ ಬರೆದ ತಾರೀಕು. ಆ ತಾರೀಕಿಗೆ ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ಪಕ್ಕದ ಬೆಂಚಿನವರು ಡ್ರೋನ್ ಹಾರಿಸ್ತಾ ಇದ್ರು, ಅದರಾಚೆಯವರು ಮುಖ ನೋಡಿ ಅಟೆಂಡೆನ್ಸ್ ಹಾಕೋ ಮೆಷಿನ್ ಮಾಡ್ತಾ ಇದ್ರು. ನಮ್ಮ ಬೆಂಚಿಗೆ ಬಂದವರು "ಇದೆಂತ, ಗುಜರಿಯಿಂದ ತಂದದ್ದಾ?" ಅಂತ ಕೇಳಿ ಹೋಗ್ತಾ ಇದ್ರು.

ಗುಜರಿಯದ್ದಲ್ಲ. ಅದು ಒಂದು ಟಗ್‌ನ ಜನರೇಟರ್ ಸೇಫ್ಟಿ ಕಾರ್ಡ್. ಟಗ್ ಅಂದರೆ ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು, ದೂಡಿ, ಜಾಗಕ್ಕೆ ತಂದು ನಿಲ್ಲಿಸುವ ಸಣ್ಣ ಗಾತ್ರದ, ದೊಡ್ಡ ಎಂಜಿನ್‌ನ ಹಡಗು. ಅದರ ಜನರೇಟರ್‌ನಲ್ಲಿ ಲೂಬ್ ಆಯಿಲ್ ಪ್ರೆಶರ್ ಇಳಿದರೆ, ಕೂಲಿಂಗ್ ನೀರು ಬಿಸಿಯಾದರೆ, ಎಂಜಿನ್ ಮಿತಿಮೀರಿ ತಿರುಗಿದರೆ ಈ ಕಾರ್ಡ್‌ಗೆ ಗೊತ್ತಾಗುತ್ತೆ. ಕೆಲವಕ್ಕೆ ಅಲಾರಂ ಹೊಡೆಯುತ್ತೆ, ಕೆಲವಕ್ಕೆ ಎಂಜಿನನ್ನೇ ನಿಲ್ಲಿಸುತ್ತೆ. ನಮ್ಮ ಬ್ರ್ಯಾಂಚ್‌ನಿಂದ ಪಾಸಾಗಿ ಈಗ ಹಡಗಿನಲ್ಲಿ ಇಟಿಒ, ಅಂದರೆ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಆಗಿರುವ ಸೀನಿಯರ್ ಒಬ್ಬರು ರಜೆಯಲ್ಲಿ ಊರಿಗೆ ಬಂದಾಗ ಅದನ್ನ ನಮ್ಮ ಕೈಗೆ ಕೊಟ್ಟರು. ಅವರ ಪರಿಚಯದವರ ಟಗ್. ಕಾರ್ಡ್ ಬಿಸಿಯಾದಾಗ ಒಮ್ಮೊಮ್ಮೆ ಹ್ಯಾಂಗ್ ಆಗ್ತಾ ಇತ್ತು. ತಯಾರಿಸಿದ ಕಂಪನಿಗೆ ಬರೆದರೆ "ಆ ಮಾಡೆಲ್ ನಿಂತು ಎಷ್ಟೋ ವರ್ಷ ಆಯ್ತು, ಇಡೀ ಪ್ಯಾನೆಲ್ ಬದಲಾಯಿಸಿ" ಅಂತ ಉತ್ತರ, ಜೊತೆಗೆ ಕೊಟೇಶನ್. ಆ ಮೊತ್ತದಲ್ಲಿ ನಮ್ಮ ನಾಲ್ವರ ನಾಲ್ಕು ವರ್ಷದ ಫೀಸ್ ಕಟ್ಟಿ ಇನ್ನೂ ಮಿಕ್ಕುತ್ತಿತ್ತು.

"ಒಂದು ಬದಲಿ ಕಾರ್ಡ್ ಮಾಡಿ ನೋಡಿ, ಪ್ರಾಜೆಕ್ಟೂ ಆಯ್ತು, ಅವರಿಗೂ ಉಪಕಾರ ಆಯ್ತು" ಅಂದರು ಸೀನಿಯರ್. ನಾವು ಮಾಡಿದೆವು. ಅದು ಎಂಥ ಎಡವಟ್ಟು ಮಾಡಿತು ಅನ್ನೋದನ್ನ ಮುಂದೆ ಹೇಳ್ತೇವೆ. ಇಂಥ ಹಳೆ ಕಾರ್ಡ್‌ಗಳಿಗೆ ಬದಲಿ ಮಾಡೋದು ನಿಜವಾದ ಎಂಜಿನಿಯರಿಂಗ್, ಮಾಡಲೇಬೇಕಾದ ಕೆಲಸ ಅನ್ನೋದು ನಮ್ಮ ಅಭಿಪ್ರಾಯ. ಆದರೆ ಹಳೆ ಕಾರ್ಡ್ ಹೇಗೆ ಕೆಲಸ ಮಾಡುತ್ತೆ ಅನ್ನೋದರ ಜೊತೆಗೆ ಹೇಗೆ ಸಾಯುತ್ತೆ ಅಂತಲೂ ಗೊತ್ತಾಗುವ ತನಕ ಯಾರೂ ಹೊಸದನ್ನ ಹಾಕಬಾರದು. ಆ ಎರಡನೇ ಪಾಠವನ್ನ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಕಾರ್ಡ್‌ಗಳು ಯಾಕೆ ಸಾಯ್ತವೆ? ಹೆಚ್ಚಿನ ಸಲ ಪ್ರೊಸೆಸರ್ ಕಾರಣ ಅಲ್ಲ. ಮೊದಲ ಆರೋಪಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರ ಒಳಗಿನ ದ್ರವ ನಿಧಾನಕ್ಕೆ ಒಣಗುತ್ತೆ. ಡೇಟಾಶೀಟ್‌ನಲ್ಲಿ 105 ಡಿಗ್ರಿಯಲ್ಲಿ 2,000 ಗಂಟೆ ಅಂತ ಬರೆದಿದ್ದರೆ, ಪ್ರತಿ 10 ಡಿಗ್ರಿ ಕಡಿಮೆಯಾದಾಗ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತೆ ಅನ್ನೋದು ರೂಢಿಯ ಲೆಕ್ಕ. 65 ಡಿಗ್ರಿಯಲ್ಲಿ 32,000 ಗಂಟೆ ಬರುತ್ತೆ. ಓ ಬಹಳ ಆಯ್ತು ಅನ್ನಬೇಡಿ, ಹಗಲು ರಾತ್ರಿ ಓಡುವ ಮೆಷಿನ್‌ಗೆ ಅದು ಮೂರೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಂಜಿನ್ ರೂಮಿನ ಗಾಳಿಯೇ 45 ಡಿಗ್ರಿ ಇರಬಹುದು ಅಂತ ಇಟ್ಟುಕೊಂಡು ಹಡಗಿನ ಸಲಕರಣೆ ಡಿಸೈನ್ ಮಾಡ್ತಾರೆ. ಮುಚ್ಚಿದ ಡಬ್ಬದ ಒಳಗೆ, ರೆಗ್ಯುಲೇಟರ್ ಪಕ್ಕದಲ್ಲಿ ಕೂತ ಕೆಪಾಸಿಟರ್‌ನ ಪಾಡು ನೀವೇ ಊಹಿಸಿ.

ಇಪ್ರಾಮ್‌ನದ್ದು ಬೇರೆ ಕಥೆ. ಅದರಲ್ಲಿ ಪ್ರೋಗ್ರಾಂ ಅಂದರೆ ಇನ್ಸುಲೇಟ್ ಮಾಡಿದ ಗೇಟ್‌ನಲ್ಲಿ ಸಿಕ್ಕಿಹಾಕಿಕೊಂಡ ಚಾರ್ಜ್. ಅದು ದಶಕಗಳಲ್ಲಿ ಸೋರಬಹುದು, ಬಿಸಿಯಲ್ಲಿ ಬೇಗ ಸೋರುತ್ತೆ. ಒಂದು ಬಿಟ್ ತಿರುಗಿದರೆ ಕಾರ್ಡ್ ಏನು ಮಾಡುತ್ತೆ ಅಂತ ಹೇಳ್ಲಿಕ್ಕಾಗೋದಿಲ್ಲ. ಇನ್ನು ಕರಾವಳಿಯವರಿಗೆ ಉಪ್ಪು ಗಾಳಿಯ ಬಗ್ಗೆ ಹೇಳಬೇಕಾದ್ದಿಲ್ಲ. ನಮ್ಮ ಹಾಸ್ಟೆಲ್ ಕಿಟಕಿಯ ಸರಳು ಮೂರು ವರ್ಷದಲ್ಲಿ ಏನಾಯ್ತು ಅಂತ ನೋಡಿದವರಿಗೆ ಕನೆಕ್ಟರ್ ಪಿನ್ ಏನಾಗುತ್ತೆ ಅಂತ ಗೊತ್ತು.

ಇವೆಲ್ಲ ಸರಿಮಾಡಬಹುದಾದ ರೋಗಗಳು. ಬಿಡಿಭಾಗವೇ ಸಿಗದೆ ಹೋದಾಗ ಮಾತ್ರ ಪಂಚಾತಿಕೆ ಶುರು. ಜೆಡ್80 ಚಿಪ್ 1976ರಲ್ಲಿ ಮಾರುಕಟ್ಟೆಗೆ ಬಂತು. 2024ರ ಏಪ್ರಿಲ್‌ನಲ್ಲಿ ಕಂಪನಿ ಇನ್ನು ಮಾಡೋದಿಲ್ಲ ಅಂತ ನೋಟಿಸ್ ಕೊಟ್ಟಿತು, ಕೊನೆಯ ಆರ್ಡರ್‌ಗೆ ಆ ವರ್ಷದ ಜೂನ್ 14ರ ತನಕ ಗಡುವು. 48 ವರ್ಷ ಒಂದು ಚಿಪ್ ಮಾರಿದರು ಅಂದರೆ ದೊಡ್ಡ ಮಾತೇ, ಬಯ್ಯುವ ಹಾಗಿಲ್ಲ. ನಾವು ಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆದು ಇಂಟರ್ನಲ್ಸ್‌ಗೆ ಬೈಹಾರ್ಟ್ ಮಾಡಿದ 8051 ಚಿಪ್ಪನ್ನ ಇಂಟೆಲ್ 2007ರಲ್ಲೇ ನಿಲ್ಲಿಸಿತು. ಬೇರೆ ಕಂಪನಿಗಳು ಅದರ ತಮ್ಮಂದಿರನ್ನ ಇನ್ನೂ ಮಾಡ್ತಿರೋದರಿಂದ ನಮ್ಮ ವೈವಾ ಉಳಿದಿದೆ.

ಈಗ ಮಾಲೀಕನ ಜಾಗದಲ್ಲಿ ನಿಂತು ನೋಡೋಣ. ಕಾರ್ಡ್ ಕೆಟ್ಟಿದೆ, ಹಡಗು ನಿಂತಿದೆ, ಅಥವಾ ಫ್ಯಾಕ್ಟರಿಯ ಲೈನ್ ನಿಂತಿದೆ. ಮೊದಲು ಹೊಳೆಯೋದು ಅದೇ ಮಾಡೆಲ್‌ನ ಇನ್ನೊಂದು ಕಾರ್ಡ್ ಹುಡುಕೋದು. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೀತಾರಲ್ಲ, ಅಲ್ಲಿ ಇಳಿಸಿದ ಆಟೊಮೇಶನ್ ಕಾರ್ಡ್‌ಗಳು ಭಾವನಗರದ ಅಂಗಡಿಗಳಲ್ಲಿ ಮಾರಾಟಕ್ಕೆ ಸಿಗ್ತವೆ, ದೇಶ ವಿದೇಶಕ್ಕೆ ಹೋಗ್ತವೆ. ಫ್ಯಾಕ್ಟರಿಯವರಾದರೆ ಬೆಂಗಳೂರಿನ ಎಸ್‌.ಪಿ. ರೋಡ್ ಸುತ್ತುತ್ತಾರೆ, ಪೀಣ್ಯದ ರಿಪೇರಿ ಅಂಗಡಿಗೆ ಒಯ್ತಾರೆ. ಇದು ತಪ್ಪಲ್ಲ, ಎಷ್ಟೋ ಸಲ ಇದೇ ಪಾರುಮಾಡೋದು. ಆದರೆ ಒಡೆದ ಹಡಗಿನ ಕಾರ್ಡ್‌ನಲ್ಲೂ ಅಷ್ಟೇ ವಯಸ್ಸಿನ ಕೆಪಾಸಿಟರ್, ಅಷ್ಟೇ ವಯಸ್ಸಿನ ಇಪ್ರಾಮ್ ಇರುತ್ತೆ. ಜೊತೆಗೆ ನಕಲಿ ಚಿಪ್‌ಗಳ ಕಾಟ. ಹಳೆ ಐಸಿಯ ನಂಬರ್ ಉಜ್ಜಿ ಹೊಸ ನಂಬರ್ ಬರೆಯೋ ದಂಧೆ ಎಷ್ಟು ದೊಡ್ಡದು ಅಂದರೆ, ಅಮೆರಿಕದ ಸೆನೆಟ್‌ನ ಸಶಸ್ತ್ರ ಸೇವೆಗಳ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ ಅಲ್ಲಿಯ ರಕ್ಷಣಾ ಸಲಕರಣೆಗಳ ಪೂರೈಕೆಯಲ್ಲೇ ಸುಮಾರು 1,800 ಶಂಕಿತ ಪ್ರಕರಣಗಳು, 10 ಲಕ್ಷಕ್ಕೂ ಹೆಚ್ಚು ಶಂಕಿತ ಬಿಡಿಭಾಗಗಳು ಲೆಕ್ಕಕ್ಕೆ ಬಂದವು. ಸೇನೆಗೇ ಹಾಗಾದರೆ ಟಗ್‌ನವನ ಗತಿ?

ಎರಡನೇ ದಾರಿ ಕಂಪನಿ ಹೇಳಿದ್ದು, ಇಡೀ ಸಿಸ್ಟಮ್ ಬದಲಾಯಿಸೋದು. ದುಡ್ಡಿದ್ದರೆ, ಡ್ರೈ ಡಾಕ್‌ನಲ್ಲಿ ಸಮಯ ಇದ್ದರೆ, ಒಳ್ಳೆಯದೇ. ಹೊಸ ವಾರಂಟಿ, ಹೊಸ ಡ್ರಾಯಿಂಗ್, ಫೋನ್ ಮಾಡಿದರೆ ಎತ್ತುವ ಜನ. ನಮ್ಮ ತಕರಾರು ಬೇರೆ. ಈ ಹೊಸ ಸಿಸ್ಟಮ್‌ಗಳ ಮುಂದೆ ಹೆಚ್ಚಾಗಿ ಒಂದು ಕಂಪ್ಯೂಟರ್ ಕೂತಿರುತ್ತೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಹಡಗೊಂದು 25–30 ವರ್ಷ ದುಡಿಯುತ್ತೆ, ಫ್ಯಾಕ್ಟರಿಯ ಟರ್ಬೈನ್ ಅದಕ್ಕಿಂತ ಹೆಚ್ಚು. ಹಳೆ ಕಾರ್ಡ್‌ನ ಸಮಸ್ಯೆಯಿಂದ ತಪ್ಪಿಸಿಕೊಳ್ಳಲಿಕ್ಕೆ ಹತ್ತೇ ವರ್ಷದಲ್ಲಿ ಹಳೆಯದಾಗುವ ವಸ್ತುವನ್ನ ತಂದು ಕೂರಿಸಿದ ಹಾಗೆ ಆಗುತ್ತೆ. ಜೊತೆಗೆ ಪ್ಯಾನೆಲ್‌ನಿಂದ ಎಂಜಿನ್‌ವರೆಗಿನ ನೂರಾರು ವೈರ್ ಬಿಚ್ಚಿ ಮತ್ತೆ ಕಟ್ಟಬೇಕು. ಒಂದು ವೈರ್ ಏನು ಮಾಡಬಹುದು ಅನ್ನೋದಕ್ಕೆ ಆಮೇಲೆ ಬರ್ತೇವೆ.

ಮೂರನೆಯದು ನಾವು ಹಿಡಿದ ದಾರಿ. ಅದೇ ಗಾತ್ರ, ಅದೇ ಕನೆಕ್ಟರ್, ಅದೇ ಪಿನ್‌ನಲ್ಲಿ ಅದೇ ಸಿಗ್ನಲ್, ಆದರೆ ಒಳಗೆ ಇವತ್ತು ಅಂಗಡಿಯಲ್ಲಿ ಸಿಗುವ ಬಿಡಿಭಾಗ. ಹಳೆಯದನ್ನ ಎಳೆದು ತೆಗೆದು ಹೊಸದನ್ನ ತಳ್ಳಿದರೆ ಆಯ್ತು, ಒಂದು ವೈರೂ ಮುಟ್ಟಬೇಕಾಗಿಲ್ಲ. ಕೇಳಲಿಕ್ಕೆ ಚೆಂದ.

ನಮ್ಮ ಮೊದಲ ಡಿಸೈನ್‌ನಲ್ಲಿ ಇಎಸ್‌ಪಿ32 ಇತ್ತು ಅಂತ ಹೇಳಲಿಕ್ಕೆ ಈಗ ನಾಚಿಕೆ ಆಗುತ್ತೆ. ಕಾರಣ ಪ್ರಾಜೆಕ್ಟ್ ರಿವ್ಯೂ. ಮೊದಲ ರಿವ್ಯೂನಲ್ಲಿ ಬಂದ ಮೊದಲ ಪ್ರಶ್ನೆಯೇ "ಇದರಲ್ಲಿ ನಾವೆಲ್ಟಿ ಏನು? ಹಳೆಯದನ್ನೇ ಮತ್ತೆ ಮಾಡ್ತಿದ್ದೀರಿ. ಐಒಟಿ ಆದ್ರೂ ಸೇರಿಸಿ" ಅಂತ. ಸರಿ, ಮೊಬೈಲ್ ಆ್ಯಪ್‌ನಲ್ಲಿ ಆಯಿಲ್ ಪ್ರೆಶರ್ ತೋರಿಸೋಣ, ಬೇಕಾದ್ರೆ ಅಲ್ಲಿಂದಲೇ ಎಂಜಿನ್ ನಿಲ್ಲಿಸೋ ಬಟನ್ ಕೊಡೋಣ ಅಂತ ಮಾಡಿದೆವು. ರಿವ್ಯೂನಲ್ಲಿ ಮೆಚ್ಚುಗೆ ಬಂತು. ಸೀನಿಯರ್‌ಗೆ ವಿಡಿಯೋ ಕಳಿಸಿದರೆ ಅವರು ಒಂದೇ ಸಾಲು ಬರೆದರು: "ಹಡಗಿನ ಜನರೇಟರನ್ನ ಮೊಬೈಲಿಂದ ನಿಲ್ಲಿಸ್ಲಿಕ್ಕೆ ನಿಮಗೆ ಯಾರು ಹೇಳಿದ್ದು?" ಹಳೆ ಕಾರ್ಡ್‌ಗೆ ನೆಟ್‌ವರ್ಕ್ ಇಲ್ಲ, ಹಾಗಾಗಿ ನೆಟ್‌ವರ್ಕ್ ಮೂಲಕ ಅದರೊಳಗೆ ಯಾರೂ ನುಗ್ಗೋ ಹಾಗಿಲ್ಲ. 2024ರ ಜುಲೈ 1ರಿಂದ ಒಪ್ಪಂದವಾದ ಹೊಸ ಹಡಗುಗಳಿಗೆ ಕ್ಲಾಸ್ ಸಂಸ್ಥೆಗಳು ಸೈಬರ್ ಸುರಕ್ಷತೆಯ ನಿಯಮವನ್ನೇ ಕಡ್ಡಾಯ ಮಾಡಿವೆ. ಪ್ರಪಂಚ ಬಾಗಿಲು ಮುಚ್ಚಲಿಕ್ಕೆ ಒದ್ದಾಡುವಾಗ ನಾವು ಬಾಗಿಲೇ ಇಲ್ಲದ ಕೋಣೆಗೆ ಬಾಗಿಲು ಕೊರೀತಾ ಇದ್ದೆವು. ವೈಫೈ ತೆಗೆದು ಸಾಧಾರಣ ಮೈಕ್ರೋಕಂಟ್ರೋಲರ್ ಹಾಕಿದೆವು.

ಆಮೇಲೆ ಹಳೆ ಕಾರ್ಡ್‌ನ ಸರ್ಕ್ಯೂಟ್ ಬಿಡಿಸಲಿಕ್ಕೆ ಕೂತೆವು. ಡ್ರಾಯಿಂಗ್ ಇರಲಿಲ್ಲ. ಮೇಲೆ ವಾರ್ನಿಶ್‌ನಂಥ ಲೇಪ, ಮಲ್ಟಿಮೀಟರ್ ಮೊನೆ ತಾಗಬೇಕಾದರೆ ಮೊದಲು ಕೆರೆಯಬೇಕು. ಎರಡು ಐಸಿಗಳ ನಂಬರನ್ನ ತಯಾರಕರೇ ಉಜ್ಜಿ ಹಾಕಿದ್ದರು, ಯಾರೂ ನಕಲು ಮಾಡಬಾರದು ಅಂತ. ಟ್ರಿಮ್‌ಪಾಟ್‌ಗಳ ತಲೆಗೆ ಕೆಂಪು ಪೇಂಟ್ ಹಚ್ಚಿ ಸೀಲ್ ಮಾಡಿದ್ದರು, ಅಂದರೆ ಎಷ್ಟೋ ವರ್ಷದ ಹಿಂದೆ ಯಾರೋ ಎಂಜಿನ್ ಪಕ್ಕ ನಿಂತು, ಗೇಜ್ ನೋಡಿ, ಇಷ್ಟೇ ಅಂತ ತಿರುಗಿಸಿ ನಿಲ್ಲಿಸಿದ್ದು. ಆ ಒಂದು ಸ್ಕ್ರೂವಿನ ಸ್ಥಾನದಲ್ಲಿ ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲದ ಮಾಹಿತಿ ಇದೆ. ಪುಣ್ಯಕ್ಕೆ ನಮ್ಮ ಲ್ಯಾಬ್ ಸರ್ ಮೊದಲೇ ಎಚ್ಚರಿಸಿದ್ದರು: ಎಲ್ಲಾ ಪಾಟ್‌ನ ರೆಸಿಸ್ಟೆನ್ಸ್ ಅಳೆದು ಬರೀರಿ, ಎಲ್ಲಾ ಜಂಪರ್‌ನ ಫೋಟೋ ತೆಗೀರಿ, ಇಪ್ರಾಮ್ ಬದುಕಿರುವಾಗಲೇ ಓದಿ ಎರಡು ಕಡೆ ಇಡಿ. ಹೀಗೆ ಬ್ಯಾಕಪ್ ಇಟ್ಟುಕೊಳ್ಳೋದಕ್ಕೆ ಕಾನೂನಿನ ಅಡ್ಡಿ ಇದೆಯಾ ಅಂತ ನಮಗೂ ಅನುಮಾನ ಇತ್ತು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ, ಕಾನೂನುಬದ್ಧವಾಗಿ ಪ್ರೋಗ್ರಾಂ ಇಟ್ಟುಕೊಂಡವರು ನಷ್ಟವಾಗದ ಹಾಗೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು.

ಸರ್ಕ್ಯೂಟ್ ಪೂರ್ತಿ ಬಿಡಿಸಿದಾಗ ಒಂದು ಮೂಲೆ ಮಾತ್ರ ಅರ್ಥವಾಗಲಿಲ್ಲ. ಒಂದು ಟ್ರಾನ್ಸಿಸ್ಟರ್, ಎರಡು ಡಯೋಡ್, ಎರಡು ಕೆಪಾಸಿಟರ್. ಪ್ರೊಸೆಸರ್‌ನ ಒಂದು ಪಿನ್‌ನಿಂದ ಹೊರಟು ರಿಲೇಗಳ ಸಪ್ಲೈಗೆ ಹೋಗ್ತಾ ಇತ್ತು. ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಆ ಪಿನ್ ಸುಮ್ಮನೆ ಟಕಟಕ ಅಂತ ಮೇಲೆ ಕೆಳಗೆ ಹೋಗ್ತಾ ಇತ್ತು. ವಾಚ್‌ಡಾಗ್ ಇರಬೇಕು ಅಂದ ನಮ್ಮಲ್ಲೊಬ್ಬ. ಹೌದಾದರೆ ನಮ್ಮ ಹೊಸ ಚಿಪ್‌ನ ಒಳಗೇ ವಾಚ್‌ಡಾಗ್ ಉಂಟಲ್ಲ, ಈ ಹಳೆ ಕಾಲದ ಸರ್ಕಸ್ ಯಾಕೆ? ಬಿಟ್ಟೆವು.

ಲ್ಯಾಬ್‌ನಲ್ಲಿ ಹೊಸ ಕಾರ್ಡ್ ಮೂರು ವಾರ ಒಂದೂ ತಪ್ಪಿಲ್ಲದೆ ಓಡಿತು. ಪ್ರೆಶರ್ ಸ್ವಿಚ್ ತೆರೆದರೆ ಅಲಾರಂ, ಸ್ಪೀಡ್ ಸಿಗ್ನಲ್ ಏರಿಸಿದರೆ ಸ್ಟಾಪ್. ಟಗ್‌ನವರು ಬರ್ತ್‌ನಲ್ಲಿ ಹಗ್ಗ ಕಟ್ಟಿ ನಿಂತಿರುವಾಗ ಒಂದು ಗಂಟೆ ಹಾಕಿ ನೋಡಿ, ಆಮೇಲೆ ಹಳೆಯದನ್ನೇ ವಾಪಸ್ ಹಾಕಬೇಕು ಅನ್ನೋ ಷರತ್ತಿನ ಮೇಲೆ ಒಳಗೆ ಬಿಟ್ಟರು. ಹಾಕಿದೆವು, ಮೊದಲನೇ ಜನರೇಟರ್ ಓಡ್ತಾ ಇತ್ತು, ಎಲ್ಇಡಿ ಹಸಿರು. ಫೋಟೋ ಕೂಡ ತೆಗೆದೆವು. ಹತ್ತು ನಿಮಿಷ ಬಿಟ್ಟು ಚೀಫ್ ಎಂಜಿನಿಯರ್ ಎರಡನೇ ಜನರೇಟರ್ ಸ್ಟಾರ್ಟ್ ಮಾಡಿದರು. ಅದರ ಸ್ಟಾರ್ಟರ್ ಮೋಟರ್ ಗರ್ರ್ ಅಂದದ್ದೇ, ಓಡುತ್ತಿದ್ದ ಮೊದಲನೆಯದು ನಿಂತಿತು. ಲೈಟ್ ಹೋಯ್ತು, ಫ್ಯಾನ್ ನಿಂತಿತು, ಎಂಜಿನ್ ರೂಮ್‌ನಲ್ಲಿ ಆ ಮೌನ ಇದೆಯಲ್ಲ, ಅದನ್ನ ನಾವು ಮರೆಯೋದಿಲ್ಲ.

ಆದದ್ದು ಇಷ್ಟು. ಸ್ಟಾರ್ಟರ್ ಮೋಟರ್ ಮತ್ತು ನಮ್ಮ ಕಾರ್ಡ್ ಒಂದೇ 24 ವೋಲ್ಟ್ ಬ್ಯಾಟರಿಯಲ್ಲಿದ್ದವು. ಮೋಟರ್ ಕರೆಂಟ್ ಎಳೆದಾಗ ವೋಲ್ಟೇಜ್ ಒಂದು ಕ್ಷಣ ಕುಸಿಯಿತು, ನಮ್ಮ ಚಿಪ್ ರೀಸೆಟ್ ಆಯ್ತು. ರೀಸೆಟ್ ಆಗಿ ಮತ್ತೆ ಏಳುವ ತನಕ ಅದರ ಪಿನ್‌ಗಳು ಯಾರ ಹಿಡಿತದಲ್ಲೂ ಇರೋದಿಲ್ಲ, ತೇಲ್ತಾ ಇರ್ತವೆ. ಸ್ಟಾಪ್ ರಿಲೇ ನಡೆಸುವ ಮಾಸ್‌ಫೆಟ್‌ನ ಗೇಟ್‌ಗೆ ನಾವು ಪುಲ್‌ಡೌನ್ ರೆಸಿಸ್ಟರ್ ಹಾಕಿರಲಿಲ್ಲ. ತೇಲುವ ಪಿನ್ ಒಂದು ಚೂರು ಮೇಲೆ ಹೋಯ್ತು, ರಿಲೇ ಎಳೆಯಿತು. ಅದು ಒಮ್ಮೆ ಎಳೆದರೆ ಪ್ಯಾನೆಲ್‌ನಲ್ಲಿ ಲ್ಯಾಚ್ ಆಗುತ್ತೆ, ಕೈಯಿಂದ ರೀಸೆಟ್ ಮಾಡುವ ತನಕ ಎಂಜಿನ್ ಏಳೋದಿಲ್ಲ. ಹತ್ತು ಕಿಲೋ ಓಮ್‌ನ ಒಂದು ರೆಸಿಸ್ಟರ್, ಬೆಲೆ ಪೈಸೆಗಳಲ್ಲಿ. ನಾವು ಬೇಡ ಅಂತ ಬಿಟ್ಟ ಆ ಮೂಲೆ ಇದೇ ಕೆಲಸಕ್ಕೆ ಇತ್ತು: ಪ್ರೊಸೆಸರ್ ಬದುಕಿದ್ದು ಆ ಪಿನ್ನನ್ನು ಟಕಟಕ ಕುಟ್ಟುತ್ತಾ ಇದ್ದರೆ ಮಾತ್ರ ಡಯೋಡ್ ಮತ್ತು ಕೆಪಾಸಿಟರ್‌ನಲ್ಲಿ ಚಾರ್ಜ್ ನಿಲ್ಲುತ್ತೆ, ಆಗ ಮಾತ್ರ ರಿಲೇಗಳಿಗೆ ಸಪ್ಲೈ ಸಿಗುತ್ತೆ. ಪ್ರೊಸೆಸರ್ ರೀಸೆಟ್ ಆದರೆ, ಹ್ಯಾಂಗ್ ಆದರೆ, ಸುಟ್ಟೇ ಹೋದರೆ, ಕುಟ್ಟುವವರಿಲ್ಲ, ಸ್ಟಾಪ್ ರಿಲೇ ಎಳೆಯಲಾರದು. ಚಿಪ್ ಒಳಗಿನ ವಾಚ್‌ಡಾಗ್ ಚಿಪ್ಪನ್ನ ರೀಸೆಟ್ ಮಾಡಬಹುದು, ಅಷ್ಟೇ. ರೀಸೆಟ್ ಆಗುವ ಹೊತ್ತಿನಲ್ಲಿ ಹೊರಗಿನ ಎಂಜಿನ್ ಕಾಯೋದು ಅದರ ಕೆಲಸ ಅಲ್ಲ. ಆ ಹಳೆ ಡಿಸೈನರ್ ಯಾವ ದೇಶದವರೋ, ಈಗ ಇದ್ದಾರೋ ಇಲ್ಲವೋ, ನಾವು ನಾಲ್ಕು ಜನ ಕೂತು ಅವರನ್ನ "ಹಳೆ ಕಾಲದವರು" ಅಂದಿದ್ದೆವು.

ಚೀಫ್ ಎಂಜಿನಿಯರ್ ಬಯ್ಯಲಿಲ್ಲ. ಟಾರ್ಚ್ ಹಿಡಿದು ರೀಸೆಟ್ ಒತ್ತಿ, ಜನರೇಟರ್ ಎಬ್ಬಿಸಿ, ಕೈ ಒರೆಸಿಕೊಂಡು ಹೇಳಿದರು: "ಮಾರಾಯ್ರೆ, ಈಗ ನಾವು ಹಗ್ಗ ಕಟ್ಟಿ ನಿಂತಿದ್ದೇವೆ. ದೊಡ್ಡ ಹಡಗಿಗೆ ಹಗ್ಗ ಕೊಟ್ಟು ಎಳೀವಾಗ ಹೀಗೆ ಆಗಿದ್ರೆ?"

ಈ ಪ್ರಶ್ನೆಗೆ ಪ್ರಪಂಚಕ್ಕೆ ಉತ್ತರ ಗೊತ್ತಿದೆ. 2024ರ ಮಾರ್ಚ್ 26ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ ಡಾಲಿ ಅನ್ನೋ ಕಂಟೇನರ್ ಹಡಗಿನಲ್ಲಿ ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಹೊಡೆದು ಸೇತುವೆ ಬಿತ್ತು. ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ 6 ಕಾರ್ಮಿಕರು ಸತ್ತರು. ಹಡಗಿನ ಸಿಬ್ಬಂದಿಯಲ್ಲಿ ಬಹುತೇಕ ಭಾರತೀಯರು. ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2025ರ ನವೆಂಬರ್‌ನಲ್ಲಿ ಹೇಳಿದ ಪ್ರಕಾರ, ಮೊದಲ ಸಲ ಕರೆಂಟ್ ಹೋಗಲಿಕ್ಕೆ ಕಾರಣ ಒಂದು ಸಡಿಲ ಸಿಗ್ನಲ್ ವೈರ್. ವೈರ್‌ಗೆ ಹಾಕಿದ ಹೆಸರಿನ ಲೇಬಲ್ ಸರಿಯಾದ ಜಾಗದಲ್ಲಿ ಇಲ್ಲದ್ದರಿಂದ ಅದು ಟರ್ಮಿನಲ್‌ನೊಳಗೆ ಪೂರ್ತಿ ಕೂತಿರಲಿಲ್ಲ. ಅಲ್ಲಿ ಕೆಟ್ಟದ್ದು ಹಳೆ ಕಾರ್ಡ್ ಅಲ್ಲ, ನಿಜ. ಆದರೆ ಇಕ್ಕಟ್ಟಿನ ನೀರಿನಲ್ಲಿ ಕರೆಂಟ್ ಹೋದರೆ ಏನಾಗುತ್ತೆ ಅಂತ ತಿಳಿಯಲಿಕ್ಕೆ ಇದು ಸಾಕು. ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ಲೋಡ್ ಎತ್ತಿಕೊಳ್ಳಬೇಕು ಅಂತ ಹಡಗುಗಳ ಅಂತಾರಾಷ್ಟ್ರೀಯ ಸುರಕ್ಷತಾ ಒಪ್ಪಂದ ಸೋಲಾಸ್ ಹೇಳುತ್ತೆ. ಸೇತುವೆ ಎದುರಿಗಿದ್ದಾಗ 45 ಸೆಕೆಂಡ್ ಬಹಳ ಉದ್ದ.

ಟೈಟಲ್‌ನ ಪ್ರಶ್ನೆಗೆ ಬಂದೆವು. ನಮ್ಮ ಟಗ್‌ನ ಕಾರ್ಡ್ ಸತ್ತರೆ ಎಂಜಿನ್ ಓಡ್ತಾ ಇರಬೇಕು, ಅಲಾರಂ ಮಾತ್ರ ಹೊಡೀಬೇಕು, ಉಳಿದದ್ದನ್ನ ಮನುಷ್ಯ ನೋಡಿಕೊಳ್ತಾನೆ. ಯಾಕಂದ್ರೆ ಸಮುದ್ರದಲ್ಲಿ ಕರೆಂಟ್ ಇಲ್ಲದಿರೋದೇ ದೊಡ್ಡ ಅಪಾಯ. ಈಗ ಅದೇ ಗಾತ್ರದ, ಅದೇ ಥರದ ಕಾರ್ಡನ್ನ ಡೈರಿಯ ಬಾಯ್ಲರ್‌ನಲ್ಲಿ ಊಹಿಸಿ. ಬರ್ನರ್‌ನ ಜ್ವಾಲೆ ಇದೆಯೋ ಇಲ್ಲವೋ ನೋಡೋದು ಅದರ ಕೆಲಸ. ಆ ಕಾರ್ಡ್ ಸತ್ತರೆ ಎಣ್ಣೆಯ ವಾಲ್ವ್ ಮುಚ್ಚಲೇಬೇಕು, ಒಂದೆರಡು ಸೆಕೆಂಡಿನಲ್ಲಿ. ಜ್ವಾಲೆ ಇಲ್ಲದೆ ಎಣ್ಣೆ ಸುರಿದು ಆಮೇಲೆ ಕಿಡಿ ತಾಗಿದರೆ ಬಾಯ್ಲರ್ ಹೋಗುತ್ತೆ, ಪಕ್ಕದಲ್ಲಿದ್ದವರೂ ಹೋಗ್ತಾರೆ. ಹಾಗಾಗಿ ಅಲ್ಲಿ ವಾಲ್ವ್ ತೆರೆದಿರಲಿಕ್ಕೆ ಕರೆಂಟ್ ಬೇಕು, ಕರೆಂಟ್ ಹೋದರೆ ಸ್ಪ್ರಿಂಗೇ ಮುಚ್ಚುತ್ತೆ. ಹಡಗಲ್ಲಿ ನಿಲ್ಲಿಸಲಿಕ್ಕೆ ಕರೆಂಟ್ ಬೇಕು, ಬಾಯ್ಲರ್‌ನಲ್ಲಿ ಓಡಿಸಲಿಕ್ಕೆ ಬೇಕು. ಎರಡೂ ಕಾರ್ಡ್‌ನಲ್ಲಿ ರಿಲೇ ಒಂದೇ, ಡ್ರೈವರ್ ಒಂದೇ. ಒಂದನ್ನ ನೋಡಿ ಕಲಿತ ಅಭ್ಯಾಸವನ್ನ ಇನ್ನೊಂದಕ್ಕೆ ಹಾಕಿದರೆ ಜನ ಸಾಯ್ತಾರೆ. ಇದನ್ನ ನಾವು ನಾಲ್ಕು ವರ್ಷದಲ್ಲಿ ಯಾವ ಕ್ಲಾಸ್‌ನಲ್ಲೂ ಕೇಳಲಿಲ್ಲ, ಒಂದು ಕತ್ತಲೆ ಎಂಜಿನ್ ರೂಮ್‌ನಲ್ಲಿ ಕೇಳಿದೆವು.

ಇಲ್ಲಿ ಕೆಲವರು ಹೇಳಬಹುದು, ಇದಕ್ಕೇ ಅಲ್ವಾ ವಿದ್ಯಾರ್ಥಿಗಳು, ರಿಪೇರಿಯವರು ಇಂಥದಕ್ಕೆ ಕೈ ಹಾಕಬಾರದು ಅನ್ನೋದು, ಕಂಪನಿಗೇ ಬಿಡಿ. ಅರ್ಧ ಒಪ್ತೇವೆ. ಹಡಗಿನ ಎಲೆಕ್ಟ್ರಾನಿಕ್ಸ್‌ಗೆ ಕ್ಲಾಸ್ ಸಂಸ್ಥೆಗಳ ಒಕ್ಕೂಟ ಐಎಸಿಎಸ್‌ನ ಇ10 ಅನ್ನೋ ಪರೀಕ್ಷಾಪಟ್ಟಿ ಇದೆ. ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಕೂಡ ಆ ಒಕ್ಕೂಟದಲ್ಲಿದೆ. 55 ಡಿಗ್ರಿ ಬಿಸಿಯಲ್ಲಿ 16 ಗಂಟೆ, 100 ಹರ್ಟ್ಸ್‌ವರೆಗೆ ಕಂಪನ, 22.5 ಡಿಗ್ರಿ ಓರೆ, ಹೀಗೆ ಉದ್ದ ಪಟ್ಟಿ. ಚಾರ್ಜ್ ಆಗುತ್ತಿರುವ ಬ್ಯಾಟರಿಗೆ ಸೇರಿಸಿದ ಸಲಕರಣೆ ಶೇ. 30 ಹೆಚ್ಚು, ಶೇ. 25 ಕಡಿಮೆ ವೋಲ್ಟೇಜ್‌ನಲ್ಲೂ ಕೆಲಸ ಮಾಡಬೇಕು, ಅಂದರೆ 24 ವೋಲ್ಟ್‌ನ ಕಾರ್ಡ್ 18ರಿಂದ 31.2ರ ತನಕ. ಕರೆಂಟ್ ಪದೇ ಪದೇ ತೆಗೆದು ಕೊಟ್ಟು ನೋಡುವ ಪರೀಕ್ಷೆಯೂ ಇದೆ. ಇದೆಲ್ಲ ದಾಟದ ಕಾರ್ಡ್ ಸಮುದ್ರಕ್ಕೆ ಹೋಗಬಾರದು, ನಮ್ಮದೂ ಹೋಗಲಿಲ್ಲ. ಆದರೆ "ಕಂಪನಿಗೇ ಬಿಡಿ" ಅನ್ನೋದಕ್ಕೆ ಕಂಪನಿ ಇರಬೇಕಲ್ಲ? ಕೈ ಎತ್ತಿದ ಮೇಲೆ ಸರ್ಕ್ಯೂಟ್ ಡ್ರಾಯಿಂಗ್ ಆದರೂ ಕೊಡಬೇಕಲ್ಲ? ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ಕ್ಷೇತ್ರ ಗುರುತಿಸಿತು. ಕೈಗಾರಿಕೆ ಮತ್ತು ಹಡಗಿನ ಕಂಟ್ರೋಲ್ ಅದರಲ್ಲಿಲ್ಲ. ಟಿವಿ ಕೆಟ್ಟರೆ ಸೀರಿಯಲ್ ತಪ್ಪುತ್ತೆ ಅಷ್ಟೇ, ಹೆಚ್ಚು ಬೇಕಾದ್ದು ಇಲ್ಲಿ.

ಹಾಗಾಗಿ ಕೊಳ್ಳುವವರಿಗೆ ನಾವು ಹೇಳೋದು, ಮೆಷಿನ್ ಕೊಳ್ಳುವಾಗಲೇ ಕಾರ್ಡ್ ಮಟ್ಟದ ಡ್ರಾಯಿಂಗ್ ಕೇಳಿ, ಮಾಡೆಲ್ ನಿಂತರೆ ಪ್ರೋಗ್ರಾಂ ಕೊಡಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಆರ್ಡರ್ ಕೊಡುವ ದಿನ ಮಾತ್ರ ನಿಮ್ಮ ಮಾತಿಗೆ ಬೆಲೆ. ನಮ್ಮ ಡಿಪಾರ್ಟ್‌ಮೆಂಟ್‌ಗೆ ಹೇಳೋದು ಇನ್ನೂ ಸುಲಭದ್ದು. ಒಂದು ಲ್ಯಾಬ್ ಅವಧಿಯಲ್ಲಿ ಡ್ರಾಯಿಂಗ್ ಇಲ್ಲದ ಹಳೆ ಕಾರ್ಡ್ ಕೈಗೆ ಕೊಡಿ. ಸರ್ಕ್ಯೂಟ್ ಬಿಡಿಸೋದಕ್ಕೆ ಅರ್ಧ ಮಾರ್ಕ್ಸ್, ಪ್ರತಿ ಬಿಡಿಭಾಗ ಓಪನ್ ಆದರೆ, ಶಾರ್ಟ್ ಆದರೆ ಔಟ್‌ಪುಟ್ ಏನಾಗುತ್ತೆ ಅಂತ ಪಟ್ಟಿ ಮಾಡೋದಕ್ಕೆ ಉಳಿದರ್ಧ. ಆ ಪಟ್ಟಿ ಮಾಡಿದ್ದರೆ ಗೇಟ್‌ನ ಪುಲ್‌ಡೌನ್ ಮರೆತದ್ದು ಮೊದಲ ದಿನವೇ ಗೊತ್ತಾಗ್ತಾ ಇತ್ತು. ಮತ್ತೆ ದಯವಿಟ್ಟು ರಿವ್ಯೂನಲ್ಲಿ "ನಾವೆಲ್ಟಿ ಏನು" ಅಂತ ಕೇಳುವ ಮೊದಲು "ಕರೆಂಟ್ ತೆಗೆದರೆ ಏನಾಗುತ್ತೆ" ಅಂತ ಕೇಳಿ. ಇಟಿಒ ಹುದ್ದೆಗೆ 2012ರಿಂದ ಅಂತಾರಾಷ್ಟ್ರೀಯ ಮಾನ್ಯತೆ ಇದೆ, ನಮ್ಮ ಬ್ರ್ಯಾಂಚ್‌ನವರು ಅದಕ್ಕೆ ಹೋಗ್ತಾ ಇದ್ದಾರೆ. ಅಲ್ಲಿ ಇಂಟರ್‌ವ್ಯೂನಲ್ಲಿ ಆ್ಯಪ್ ತೋರಿಸಿ ಅಂತ ಯಾರೂ ಕೇಳೋದಿಲ್ಲ.

ಹಳೆ ಕಾರ್ಡ್‌ನ ಕಥೆ? ಅದರ ಹ್ಯಾಂಗ್‌ಗೆ ಕಾರಣ 5 ವೋಲ್ಟ್ ಸಪ್ಲೈನ ಮೂರು ಒಣಗಿದ ಕೆಪಾಸಿಟರ್. ಬದಲಾಯಿಸಿ, ಕನೆಕ್ಟರ್ ತೊಳೆದು, ಇಪ್ರಾಮ್‌ಗೆ ಹೊಸ ಚಿಪ್‌ನಲ್ಲಿ ಪ್ರತಿ ಮಾಡಿ ಕೊಟ್ಟೆವು. ಈಗ ಟಗ್‌ನಲ್ಲಿ ಅದೇ ಓಡ್ತಾ ಇದೆ. ಖರ್ಚು ನಾವು ಬಂದರಿಗೆ ಹೋಗಿ ಬಂದ ಬಸ್ ಚಾರ್ಜ್‌ಗಿಂತ ಕಡಿಮೆ. ಆದರೆ ಆ ಜೆಡ್80 ಹೋದ ದಿನ ಮತ್ತೆ ಇದೇ ಪ್ರಶ್ನೆ ಏಳುತ್ತೆ, ಹಾಗಾಗಿ ನಮ್ಮ ಹೊಸ ಕಾರ್ಡನ್ನ ಬಿಟ್ಟಿಲ್ಲ. ಡಯೋಡ್, ಕೆಪಾಸಿಟರ್‌ನ ಆ ಮೂಲೆಯನ್ನ ಹಾಗೇ ಎತ್ತಿ ಹೊಸದರಲ್ಲಿ ಕೂರಿಸಿದ್ದೇವೆ. ಮೆಕ್ಯಾನಿಕಲ್‌ನವರ ಶೆಡ್‌ನಿಂದ ಎರಡು ಲಾರಿ ಬ್ಯಾಟರಿ, ಒಂದು ಸ್ಟಾರ್ಟರ್ ಮೋಟರ್ ತಂದು ಅದೇ ಬ್ಯಾಟರಿಗೆ ಕಾರ್ಡ್ ಕಟ್ಟಿ, ದಿನಕ್ಕೆ ಐವತ್ತು ಸಲ ಕ್ರ್ಯಾಂಕ್ ಮಾಡ್ತಾ ಇದ್ದೇವೆ. ಲ್ಯಾಬ್ ಹತ್ತಿರ ಗರ್ರ್ ಅಂತ ಶಬ್ದ ಬಂದರೆ ಗಾಬರಿ ಆಗಬೇಡಿ, ಅದು ನಾವೇ. ಮೇ ತಿಂಗಳಿಗೆ ನಾವು ಕ್ಯಾಂಪಸ್ ಬಿಡ್ತೇವೆ. ಸರ್ಕ್ಯೂಟ್ ಡ್ರಾಯಿಂಗ್, ಪಾಟ್‌ಗಳ ಅಳತೆ, ಎಡವಟ್ಟಿನ ದಿನದ ಪೂರ್ತಿ ವರದಿ ಎಲ್ಲಾ ಒಂದು ನೀಲಿ ಫೈಲ್‌ನಲ್ಲಿ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿದೆ. ಮೂರನೇ ವರ್ಷದವರು ಯಾರಾದರೂ ಮುಂದುವರಿಸೋದಾದರೆ ಲ್ಯಾಬ್ ಸರ್ ಹತ್ತಿರ ಕೀ ಇದೆ.